ಜಮಾದಾರನ ಹಸಿವು

ಕರುಳಪಟ್ಟಿ ಬಂದ ಮೊದಲ ವರ್ಷದಲ್ಲಿ ಧಾರವಾಡದ ನಾಯಿಗಳೆಲ್ಲ ಗುಂಡಗಾದವು. ಬೆಕ್ಕುಗಳು ಗೋಡೆ ಹತ್ತಲು ಮೈಗಳ್ಳತನ ಮಾಡತೊಡಗಿದವು. ಜನ ನೋಡಿ ನಕ್ಕರು, ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರ ಬಂದವು, ಪಟ್ಟಿ ತಯಾರಿಸಿದ ಸಂವೇದನ ಕೇಂದ್ರದವರೂ ನಕ್ಕರು. ಮಂದಾಕಿನಿಯೂ ನಕ್ಕಿದ್ದಳು. ಆ ಕೇಂದ್ರದಲ್ಲಿ ಪಟ್ಟಿಯ ಸಂಕೇತಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವಳು. ನಾಯಿ ದಪ್ಪಗಾದರೆ ಅದಕ್ಕೆ ಸಾಕಿದವರ ಪ್ರೀತಿ ಕಾರಣವೇ ಹೊರತು ಯಂತ್ರವಲ್ಲ ಎಂದು ನಂಬಿದ್ದಳು, ಕೇಂದ್ರ ನೋಡಲು ಬಂದವರಿಗೂ ಹಾಗೆಯೇ ಹೇಳಿ ಕಳಿಸುತ್ತಿದ್ದಳು.

ಪಟ್ಟಿಯ ಕೆಲಸ ಹೇಳಲು ಸುಲಭ. ಪ್ರಾಣಿಯ ಕತ್ತಿನ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಗಾತ್ರದ ಬಿಲ್ಲೆ ಕೂರಿಸುತ್ತಾರೆ. ಅದು ಒಳಗಿನ ನರಗಳ ಮಿಡಿತ ಓದಿ ಹೊರಗೆ ಕಳಿಸುತ್ತದೆ. ಸಾಕಿದವರು ಸೊಂಟಕ್ಕೆ ಕಟ್ಟಿಕೊಂಡ ಪಟ್ಟಿ ಆ ಮಿಡಿತವನ್ನು ಮನುಷ್ಯರ ಮಿಡಿತಕ್ಕೆ ಹೊಂದಿಸಿ, ಚರ್ಮದ ಮೇಲಿನಿಂದಲೇ ಹೊಟ್ಟೆಯ ನರಕ್ಕೆ ಸಣ್ಣ ವಿದ್ಯುತ್ತು ಕೊಡುತ್ತದೆ. ಕೊಟ್ಟಿಗೆಯಲ್ಲಿ ಹಸುವಿಗೆ ಆದದ್ದು ಅಡುಗೆಮನೆಯಲ್ಲಿರುವ ನಿಮಗೂ ಆಗುತ್ತದೆ. ನೋಡಬೇಕಾದ ಪರದೆಯಿಲ್ಲ, ಓದಬೇಕಾದ ಅಂಕಿಯಿಲ್ಲ. ಕರುಳು ಚುರ್ ಅನ್ನುವುದು ಅಂದರೇನೆಂದು ಇಷ್ಟು ನೇರವಾಗಿ ಮನುಷ್ಯರಿಗೆ ಹಿಂದೆಂದೂ ಗೊತ್ತಾಗಿರಲಿಲ್ಲ.

ಇಂಥ ಒಂದು ಪಟ್ಟಿಯನ್ನು ಮಂದಾಕಿನಿ ದಸರೆ ಹೊತ್ತಿಗೆ ಅಕ್ಕನಿಗೆ ತಂದುಕೊಟ್ಟಳು.

ಅಕ್ಕ ಇಂದುಮತಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಮಾಳಮಡ್ಡಿಯ ಮನೆಯಲ್ಲಿ ಅಕ್ಕತಂಗಿ ಇಬ್ಬರೇ. ಇಬ್ಬರೂ ಮದುವೆಯ ಗೊಡವೆಗೆ ಹೋದವರಲ್ಲ. ಹೊಟ್ಟೆನೋವು ಎಂದು ನೆಪ ಹೇಳುವ ಹುಡುಗಿಯರನ್ನು ಮೈದಾನದಲ್ಲಿ ಒಂದು ಸುತ್ತು ಹೆಚ್ಚೇ ಓಡಿಸುತ್ತಿದ್ದ ಇಂದುಮತಿ ಟೀಚರಿಗೆ ಮೆತ್ತಗಿನ ಜಾಗವೊಂದಿದ್ದರೆ ಅದು ಜಮಾದಾರ. ಜಮಾದಾರ ಎಂದರೆ ಆಸ್ಟ್ರೇಲಿಯ ಮೂಲದ ಗಡ್ಡದ ಓತಿಕ್ಯಾತ. ಅಂಗಡಿಯವರ ಬಾಯಲ್ಲಿ ಬಿಯರ್ಡೆಡ್ ಡ್ರ್ಯಾಗನ್. ಮೊಳದುದ್ದದ ಮೈ, ಮರಳಿನ ಬಣ್ಣ, ಗಲ್ಲದ ಕೆಳಗೆ ಮುಳ್ಳುಮುಳ್ಳಾದ ಚೀಲ. ಸಿಟ್ಟು ಬಂದಾಗ ಅಥವಾ ಮೈಗೆ ಆಗದಿದ್ದಾಗ ಆ ಚೀಲ ಉಬ್ಬಿ ಕಪ್ಪಾಗುತ್ತದೆ, ಆಗ ಥೇಟು ಗಡ್ಡ. ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬರು ಮರಿಯಿದ್ದಾಗ ಬಿಟ್ಟು ಹೋದದ್ದು ಈಗ ಹಣ್ಣುಹಣ್ಣು ಮುದುಕ. ಅದರ ಜಾತಿಗೆ ಹನ್ನೊಂದು ವರ್ಷವೆಂದರೆ ದೊಡ್ಡ ಆಯುಷ್ಯ.

ಅದನ್ನು ಇಂದುಮತಿ ಸಾಕಿದ್ದು ಶಿಸ್ತಿನಿಂದ. ಗಾಜಿನ ಮನೆಯ ಒಂದು ಮೂಲೆಯಲ್ಲಿ ಬಿಸಿ ದೀಪ, ಅದರ ಕೆಳಗೆ ಮಲಗಲು ಕಡಪ ಕಲ್ಲು, ಇನ್ನೊಂದು ಮೂಲೆ ತಂಪು. ಬಿಸಿಲಿನ ಗುಣ ಕೊಡುವ ಟ್ಯೂಬು ಬೇರೆ. ಅದು ಉರಿಯುತ್ತಿದ್ದರೂ ಆರು ತಿಂಗಳಿಗೆ ಗುಣ ಕಳೆದುಕೊಳ್ಳುತ್ತದೆಂದು ಬದಲಿಸುತ್ತಿದ್ದಳು. ಬೆಳಿಗ್ಗೆ ಎಳೆ ನುಗ್ಗೆಸೊಪ್ಪು, ತುರಿದ ಕುಂಬಳಕಾಯಿ, ದಾಸವಾಳದ ಹೂವು. ಪಾಲಕ್ ಮಾತ್ರ ಬೇಡ, ಅದು ಸುಣ್ಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಹುಳಹುಪ್ಪಟೆ ಎಳೆಯ ಪ್ರಾಯದಲ್ಲಿ ದಿನವೂ ಬೇಕು, ವಯಸ್ಸಾದ ಮೇಲೆ ವಾರಕ್ಕೊಮ್ಮೆ ಸಾಕು. ಅದಕ್ಕೆಂದು ಹಿತ್ತಿಲ ಖೋಲಿಯಲ್ಲಿ ತೌಡು ಹಾಕಿದ ಡಬ್ಬಿಯೊಳಗೆ ಜಿರಳೆ ಸಾಕಿದ್ದಳು. ಲಿಂಗಪೂಜೆ ಮಾಡುವ ಮನೆಯಲ್ಲಿ ಜಿರಳೆ ಸಾಕಣೆಯೇ ಎಂದು ಓಣಿಯವರು ಕಾಲೆಳೆದರೆ, "ತಿನ್ನಾವ ನಾನಲ್ಲ, ಅವ" ಎನ್ನುವಳು. ಜಿರಳೆ ಮುಟ್ಟಿದ ದಿನ ಎರಡನೇ ಸ್ನಾನ ಮಾಡಿಯೇ ಪೂಜೆಗೆ ಕೂರುವಳು.

ಹಲ್ಲಿ ಓತಿಗಳ ಜಾತಿಗೆ ಪಟ್ಟಿಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಮಂದಾಕಿನಿಗೆ ಅದು ಗೊತ್ತಿತ್ತು. ಆದರೂ ನರವೆಂದರೆ ನರ, ಕೆಲಸ ಮಾಡೀತು ಎಂದುಕೊಂಡಳು. ಅಕ್ಕ ಸಂತೋಷಪಡಲಿ ಎಂಬುದೇ ಅವಳ ಮನಸ್ಸಿನಲ್ಲಿದ್ದದ್ದು.

ಜಮಾದಾರನ ಕತ್ತಿಗೆ ಬಿಲ್ಲೆ ಕೂರಿಸಿದ ದಿನ ಇಂದುಮತಿ ಪಟ್ಟಿ ಕಟ್ಟಿಕೊಂಡು ಗಾಜಿನ ಮನೆಯ ಮುಂದೆ ಕುಳಿತಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಪಾಪ, ಇದಕ್ಕ ಹಸಿವಾಗಿತ್ತಲ್ಲ ಮಂದಾ. ಇಷ್ಟು ವರ್ಷ ನಾ ಉಪವಾಸ ಕೆಡವಿದೆ" ಎಂದಳು. ಎದ್ದು ಹೋಗಿ ಡಬ್ಬಿಯಿಂದ ಎರಡು ಜಿರಳೆ ತಂದಳು. ಜಮಾದಾರ ನಾಲಗೆ ಚಾಚಿ ಕರುಂ ಕುರುಂ ಎಂದು ಅಗಿದ. ಅಕ್ಕನ ಮುಖ ಅರಳಿತು. ಹೊಟ್ಟೆಯೊಳಗೆ ಏನೋ ತಣ್ಣಗಾಯಿತಂತೆ. ಮಂದಾಕಿನಿಗೆ ತಾನು ಮಾಡಿದ ಯಂತ್ರದ ಬಗ್ಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಚಳಿ ಶುರುವಾಯಿತು. ಪ್ರತಿ ವರ್ಷ ಈ ಕಾಲಕ್ಕೆ ಜಮಾದಾರ ತಂಪು ಮೂಲೆಗೆ ಸರಿದು, ಕಣ್ಣು ಮುಚ್ಚಿ, ವಾರಗಟ್ಟಲೆ ಏನೂ ತಿನ್ನದೆ ಬಿದ್ದಿರುತ್ತಿದ್ದ. ಅದರ ಜಾತಿಯ ಚಳಿನಿದ್ದೆ ಅದು. ಇಂದುಮತಿ ದೀಪ ತಗ್ಗಿಸಿ, ನೀರಿಟ್ಟು, ಅದರ ಪಾಡಿಗೆ ಬಿಡುತ್ತಿದ್ದಳು. ಈ ಸಲ ಬಿಡಲಾಗಲಿಲ್ಲ. ತರಕಾರಿ ಹೆಚ್ಚುವಾಗ, ಪೂಜೆಗೆ ಕುಳಿತಾಗ, ಹೊಟ್ಟೆ ಬೆನ್ನಿಗೆ ಹತ್ತಿದಂತೆ ಆಗುತ್ತಿತ್ತು. ಊಟ ಮಾಡಿ ಎದ್ದರೂ ಆ ಹಸಿವು ಹೋಗುತ್ತಿರಲಿಲ್ಲ, ಏಕೆಂದರೆ ಅದು ಅವಳದಾಗಿರಲಿಲ್ಲ. ದೀಪ ಏರಿಸಿ ಜಮಾದಾರನನ್ನು ಎಬ್ಬಿಸಿದಳು. ತಿನ್ನಲು ಬಾಯಿ ತೆರೆಯದಿದ್ದಾಗ ತುಟಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಾಯಿ ಬಿಡಿಸಿ ಹುಳ ಇಟ್ಟಳು. ನುಂಗಿದ ಕೂಡಲೇ ಇವಳಿಗೆ ಹಾಯೆನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಮಂದಾಕಿನಿ ಗಾಜಿನ ಮನೆಯ ಮುಂದೆ ನಿಂತಳು. ಜಮಾದಾರ ದೀಪದ ಕೆಳಗೂ ಇಲ್ಲ, ತಂಪಿನಲ್ಲೂ ಇಲ್ಲ, ನಡುವೆ ಎಲ್ಲೋ ಬಿದ್ದುಕೊಂಡಿದ್ದ. ಗಡ್ಡ ಕಪ್ಪಾಗಿತ್ತು.

"ಅಕ್ಕಾ, ಇದರ ಗಡ್ಡ ನೋಡಿದೀ?"

"ಯಾಕ, ಏನಾಗೈತಿ?"

"ಕರ್ರಗ ಆಗೈತಿ. ನೀನ ಹೇಳತಿದ್ದಿ, ಮೈಯಾಗ ಚಲೋ ಇಲ್ಲಂದ್ರ ಗಡ್ಡ ಕಪ್ಪಾಗತೈತಿ ಅಂತ."

"ಹಸಿವಾಗಿರಬೇಕು," ಎಂದಳು ಇಂದುಮತಿ, ಬಗ್ಗಿ ಕೂಡ ನೋಡದೆ. "ಗಡ್ಡ ನೋಡಿ ಅಂದಾಜು ಮಾಡೋದೆಲ್ಲ ಪಟ್ಟಿ ಇಲ್ಲದಾಗ. ಈಗ ಅದರ ಹೊಟ್ಟಿಯೊಳಗ ಏನೈತಿ ಅಂತ ನನಗ ಗೊತ್ತಾಗತೈತಿ."

ಮಂದಾಕಿನಿಗೆ ಆಗ ಹೊಳೆದದ್ದು ಇಷ್ಟು. ಅಕ್ಕ ಜಮಾದಾರನನ್ನು ನೋಡುವುದನ್ನೇ ಬಿಟ್ಟಿದ್ದಳು. ಹಿಂದೆ ಅದರ ಕಣ್ಣು, ನಡಿಗೆ, ಹಿಕ್ಕೆಯ ಬಣ್ಣ ಎಲ್ಲವನ್ನೂ ಕಣ್ಣಿಟ್ಟು ನೋಡುತ್ತಿದ್ದವಳು ಈಗ ತನ್ನ ಹೊಟ್ಟೆಯನ್ನಷ್ಟೇ ಕೇಳುತ್ತಿದ್ದಳು. ಮಂದಾಕಿನಿ ಕೈ ಒಳಗೆ ಹಾಕಿ ಜಮಾದಾರನ ಮುಂಗಾಲು ಎತ್ತಿದಳು. ಬೆರಳಿನ ಗಂಟುಗಳು ಬಾತು ನುಣ್ಣಗೆ ಹೊಳೆಯುತ್ತಿದ್ದವು. ಅದು ಕಾಲು ಹಿಂದಕ್ಕೆಳೆದುಕೊಂಡಿತು. ಆ ಕ್ಷಣವೇ ಹಿಂದೆ ನಿಂತಿದ್ದ ಇಂದುಮತಿ ಹೊಟ್ಟೆ ಹಿಡಿದುಕೊಂಡು, "ನೋಡು, ಮತ್ತ ಹಸಿವು" ಎಂದಳು.

ಪಶುವೈದ್ಯೆ ಡಾಕ್ಟರ್ ರೆಹಾನಾ ಚಿಕ್ಕವಯಸ್ಸಿನವರು, ಮಾತು ಕಡಿಮೆ. ಜಮಾದಾರನನ್ನು ಟವೆಲ್ಲಿನ ಮೇಲೆ ಮಲಗಿಸಿ ಬೆರಳು, ಮಣಿಕಟ್ಟು, ಮೊಣಕಾಲು ಒಂದೊಂದಾಗಿ ಮುಟ್ಟಿ ನೋಡಿದರು. ರಕ್ತ ತೆಗೆದರು, ಎಕ್ಸ್‌ರೇ ಮಾಡಿದರು.

"ಏನ್ ತಿನ್ನಸ್ತೀರಿ ಮೇಡಂ?"

"ಸೊಪ್ಪು, ಕುಂಬಳಕಾಯಿ. ಮತ್ತ ಹುಳ."

"ಹುಳ ವಾರಕ್ಕ ಎಷ್ಟ್ ಸಲ?"

ಇಂದುಮತಿ ತಂಗಿಯ ಮುಖ ನೋಡಿದಳು. "ದಿನಾ. ಹಸಿವಾದಾಗೆಲ್ಲ."

ಡಾಕ್ಟರ್ ಬಿಡಿಸಿ ಹೇಳಿದರು. ವಯಸ್ಸಾದ ಮೇಲೆ ಇವುಗಳ ಮೂತ್ರಪಿಂಡ ಸೋಲುತ್ತದೆ. ಹುಳದ ಪ್ರೋಟೀನು ಅರಗಿ ಉಳಿದ ಯೂರಿಕ್ ಆಮ್ಲವನ್ನು ಹೊರಹಾಕಲು ಅದಕ್ಕೆ ಆಗುವುದಿಲ್ಲ. ಅದು ಹರಳಾಗಿ ಗಂಟುಗಂಟಿನಲ್ಲಿ ಕೂರುತ್ತದೆ, ಗಾಜಿನ ಪುಡಿ ತುಂಬಿದ ಹಾಗೆ. ಮನುಷ್ಯರಿಗೂ ಬರುತ್ತದೆ, ಗೌಟ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಹೃದಯದ ಸುತ್ತಲೂ ಹರಳು ಕಾಣುತ್ತಿತ್ತು.

"ಔಷಧ ಕೊಡ್ತೀನಿ, ನೋವು ಒಂದೀಟು ಕಡಿಮಿ ಆಗಬಹುದು. ಆದ್ರ ಭಾಳ ಮುಂದ ಹೋಗೈತಿ. ಈಗ ಅದಕ್ಕ ಹಸಿವು ಇರಂಗಿಲ್ಲ ಮೇಡಂ. ಇಷ್ಟು ನೋವಿನಾಗ ಯಾವ ಪ್ರಾಣಿಗೂ ತಿನ್ನಬೇಕು ಅನಸಂಗಿಲ್ಲ."

"ಇಲ್ಲರಿ," ಎಂದಳು ಇಂದುಮತಿ. "ಈಗೂ ಹಸಿವೈತಿ. ನನಗ ಬರಾಕತ್ತೈತಿ."

ಡಾಕ್ಟರ್ ಅವಳ ಸೊಂಟದ ಪಟ್ಟಿ ನೋಡಿ, ಔಷಧದ ಚೀಟಿ ಬರೆಯತೊಡಗಿದರು. ಮಂದಾಕಿನಿ ಗೋಡೆಯ ಮೇಲಿನ ಲಸಿಕೆ ಪಟವನ್ನು ನೋಡುತ್ತ ನಿಂತಳು.

ಮರುದಿನ ಅವಳು ಕೇಂದ್ರಕ್ಕೆ ಹೋದವಳೇ ಪಟ್ಟಿ ತಯಾರಿಸುವಾಗ ದಾಖಲಿಸಿದ್ದ ಹಳೆಯ ಮಾಪನಗಳನ್ನು ತೆರೆದು ಕುಳಿತಳು. ಪ್ರಾಣಿಯ ಮಿಡಿತವನ್ನು ಮನುಷ್ಯರ ಯಾವ ಮಿಡಿತಕ್ಕೆ ಹೊಂದಿಸಬೇಕೆಂದು ಯಂತ್ರಕ್ಕೆ ಕಲಿಸಿದ್ದು ಆ ಮಾಪನಗಳಿಂದಲೇ. ನೋವು ಎಂದರೆ ಹೀಗಿರುತ್ತದೆ, ಚಳಿ ಎಂದರೆ ಹೀಗೆ, ಹೆದರಿಕೆ ಎಂದರೆ ಹೀಗೆ ಎಂದು ಒಂದಿಷ್ಟು ಜನರ ಮೈಯಿಂದ ಅಳೆದುಕೊಂಡದ್ದು. ನೋವಿನ ಗೆರೆಯನ್ನು ಪರದೆಯ ಮೇಲೆ ಎಳೆದಳು, ಅದರ ಪಕ್ಕದಲ್ಲಿ ಹಸಿವಿನ ಗೆರೆ ಇಟ್ಟಳು. ಎರಡೂ ಅಣ್ಣತಮ್ಮಂದಿರಂತಿದ್ದವು.

ಮಾಪನದ ದಿನ ಯಾವುದೆಂದು ನೋಡಿದಳು. ನೋಡುವ ಅಗತ್ಯವಿರಲಿಲ್ಲ, ನೆನಪಿತ್ತು. ಅದು ಶಿವರಾತ್ರಿ.

ಹೊಟ್ಟೆಯ ನರ ಅಳೆಯಲು ಹೊಟ್ಟೆ ಖಾಲಿ ಇರಬೇಕು. ಹೊರಗಿನವರನ್ನು ಕರೆದು ಉಪವಾಸ ಕೂರಿಸುವುದು ಕಷ್ಟ, ಯಾರಾದರೊಬ್ಬರು ಗೇಟಿನಲ್ಲಿ ಮಿರ್ಚಿಭಜಿ ತಿಂದು ಬಂದಿರುತ್ತಾರೆ. ನಿರ್ದೇಶಕ ಉಮರ್ಜಿ ಸರ್ ಆಗ ಹೇಳಿದ್ದರು, ಶಿವರಾತ್ರಿಗೆ ನಮ್ಮ ಮಂದಿಯೆಲ್ಲ ಹೆಂಗೂ ಉಪವಾಸ ಇರುತ್ತಾರೆ, ಮೋಸ ಮಾಡುವವರಿಲ್ಲ, ಅವತ್ತೇ ಮುಗಿಸೋಣ ಎಂದು. ಎಲ್ಲರಿಗೂ ಅದು ಜಾಣತನವೆನಿಸಿತ್ತು. ವಿಭೂತಿ ಹಚ್ಚಿಕೊಂಡು ಸಿಬ್ಬಂದಿಯೆಲ್ಲ ಸಾಲಾಗಿ ಮಲಗಿದ್ದರು. ಕೈ ಮಂಜುಗಡ್ಡೆಯಲ್ಲಿ ಅದ್ದಿಸಿ, ಬೆರಳಿನ ಗಂಟು ಒತ್ತಿ, ಚಿವುಟಿ, ನೋವು ಅಳೆದರು. ನೀರು ಕೂಡ ಕುಡಿಯದ ಮೈಗಳು ಅವು. ನೋವಿನ ಜೊತೆಗೆ ದಿನದ ಹಸಿವೂ ಅಳತೆಯಲ್ಲಿ ಸೇರಿಹೋಯಿತು. ಪರೀಕ್ಷೆ ಮುಗಿದವರಿಗೆ ಉಪವಾಸಕ್ಕೆ ನಡೆಯುವ ಬಾಳೆಹಣ್ಣು, ಖರ್ಜೂರ ಕೊಟ್ಟರು. ತಂತಿಗಳು ಇನ್ನೂ ಮೈಮೇಲೆಯೇ ಇದ್ದವು. ಆಗ ಬಂದ ಗೆರೆಗೆ ಸಮಾಧಾನ ಎಂದು ಹೆಸರಿಟ್ಟರು. ಬಾಳೆಹಣ್ಣು ಹಂಚಿದವಳು ಮಂದಾಕಿನಿ.

ಹೀಗಾಗಿ ಪಟ್ಟಿಗೆ ಗೊತ್ತಿದ್ದ ನೋವೆಲ್ಲ ಹಸಿವಿನ ವೇಷದ್ದು, ಗೊತ್ತಿದ್ದ ಸಮಾಧಾನವೆಲ್ಲ ಅಗಿದು ನುಂಗುವುದರದ್ದು. ಪ್ರಾಣಿಗೆ ನೋವಾದರೆ ಸಾಕಿದವರಿಗೆ ಹಸಿವಾಗುತ್ತಿತ್ತು. ಪ್ರಾಣಿ ಬಾಯಾಡಿಸಿದರೆ ಸಾಕಿದವರ ಹೊಟ್ಟೆ ತಣ್ಣಗಾಗುತ್ತಿತ್ತು, ಪ್ರಾಣಿಯ ನೋವು ಇದ್ದಲ್ಲೇ ಇರುತ್ತಿತ್ತು. ನಾಯಿಗಳು ಇದನ್ನು ಕೊಬ್ಬಾಗಿಸಿಕೊಂಡು ತಡೆದವು. ಜಮಾದಾರನಿಗೆ ದಸರೆಯಲ್ಲಿ ಇದ್ದದ್ದು ಮುಪ್ಪಿನ ಸಣ್ಣ ಕೀಲುನೋವು. ಅಕ್ಕ ಅದಕ್ಕೆ ಹುಳ ಹಾಕಿದಳು. ಹುಳ ನೋವು ಹೆಚ್ಚಿಸಿತು. ಹೆಚ್ಚಿದ ನೋವಿಗೆ ಇನ್ನಷ್ಟು ಹುಳ ಹಾಕಿದಳು.

ಮಂದಾಕಿನಿ ಎರಡು ಗೆರೆಗಳ ಚಿತ್ರವನ್ನು ಉಮರ್ಜಿ ಸರ್ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅವರು ಜಗಳ ತೆಗೆಯಬಹುದು, ಮುಂದಿನ ಮಾದರಿಯಲ್ಲಿ ಸರಿಮಾಡೋಣ ಎನ್ನಬಹುದು ಎಂದು ತಯಾರಾಗಿ ಬಂದಿದ್ದಳು. ಅವರು ಅವೆರಡನ್ನೂ ಮಾಡಲಿಲ್ಲ. ಚಿತ್ರ ನೋಡುತ್ತಿದ್ದಂತೆ ಅವರ ಕೈ ತಮ್ಮ ಸೊಂಟಕ್ಕೆ ಹೋಯಿತು. ಮಾತು ಬಿದ್ದುಹೋಗಿ ಹಾಸಿಗೆ ಹಿಡಿದ ತಮ್ಮ ತಾಯಿಗೆ ಅವರು ಹೊಸ ಮಾದರಿಯ ಬಿಲ್ಲೆ ಕೂರಿಸಿ, ಅದರ ಪಟ್ಟಿಯನ್ನು ತಾವು ಕಟ್ಟಿಕೊಂಡಿದ್ದರು. ಮನುಷ್ಯರ ಮೇಲೆ ಮೊದಲ ಪ್ರಯೋಗ ಮನೆಯಿಂದಲೇ ಆಗಲಿ ಎಂದು.

ಅವರು ಫೋನು ತೆಗೆದು ಮನೆಗೆ ಹಚ್ಚಿದರು. "ಅವ್ವಗ ಗಂಜಿ ಹಾಕಬ್ಯಾಡ್ರಿ," ಎಂದರು. "ಹೂಂ. ಹಸಿವು ಅಂತ ನನಗೂ ಗೊತ್ತಾಗಾಕತ್ತೈತಿ. ಆದರೂ ಬ್ಯಾಡ. ನಾ ಡಾಕ್ಟರನ್ನ ಕರ್ಕೊಂಡು ಬರ್ತೀನಿ."

ಫೋನು ಇಟ್ಟ ಮೇಲೆ ಮಂದಾಕಿನಿಯತ್ತ ನೋಡದೆ, "ಎಲ್ಲಾ ಪಟ್ಟಿ ಬಂದ್ ಮಾಡ್ರಿ. ಸುದ್ದಿ ನಾ ಕೊಡತೀನಿ" ಎಂದು ಹೇಳಿ, ಕನ್ನಡಕ ಮೇಜಿನ ಮೇಲೆಯೇ ಮರೆತು ಎದ್ದು ಹೋದರು.

ಮಂದಾಕಿನಿ ಅಕ್ಕನ ಪಟ್ಟಿಯೊಂದನ್ನು ಮಾತ್ರ ಬಂದ್ ಮಾಡಲಿಲ್ಲ. ಶಿವರಾತ್ರಿಯ ನೋವಿನ ಗೆರೆಯಿಂದ ಹಸಿವಿನ ಭಾಗವನ್ನು ಕಳೆದು, ಸಮಾಧಾನದ ಗೆರೆಯನ್ನು ಪೂರ್ತಿ ಅಳಿಸಿ, ಅದನ್ನು ಮತ್ತೆ ಜಮಾದಾರನ ಬಿಲ್ಲೆಗೆ ಹೊಂದಿಸಿದಳು. ಮನೆಗೆ ಬಂದು ಅಕ್ಕನಿಂದ ಪಟ್ಟಿ ಬಿಚ್ಚಿಸಿಕೊಂಡು, ಹೊರಗೆ ಹೋಗಿ ಮೊದಲು ತಾನೇ ಕಟ್ಟಿಕೊಂಡಳು. ಅಂಗಳದಲ್ಲಿ ನಿಂತಿದ್ದವಳು ತುಳಸಿಕಟ್ಟೆ ಹಿಡಿದು ಕುಳಿತುಬಿಟ್ಟಳು. ಹೊಟ್ಟೆಯ ಆಳದಿಂದ ಹೊರಟು ಕೈಕಾಲಿನ ತುದಿಯವರೆಗೆ ಹಬ್ಬುವ ನೋವು, ಏಳದೆ ಇಳಿಯದೆ ಒಂದೇ ಸಮ ಇತ್ತು. ಹಸಿವಿನ ಸುಳಿವೇ ಅದರಲ್ಲಿ ಇರಲಿಲ್ಲ. ಅವಳಿಗೆ ಅಳು ಬಂತು, ಅತ್ತಳು.

ಇಂದುಮತಿ ಒಳಗಿನಿಂದ ಬಂದು ನೋಡಿದಳು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮಂದಾಕಿನಿ ಶಿವರಾತ್ರಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅಕ್ಕ ಕೆಳಗೆ ಕುಳಿತು ಕೇಳಿದಳು.

"ಅಂದ್ರ ನಾ ಉಣಿಸಿ ಉಣಿಸಿ ಅದನ್ನ ಈ ಗತಿಗೆ ತಂದೆ."

"ನೀ ಅಲ್ಲಕ್ಕಾ. ಪಟ್ಟಿ ನಂದು."

"ತಿಂದ ಕೂಡ್ಲೆ ತಣ್ಣಗಾಗತಿತ್ತಲ್ಲ, ಅದು?"

ಈ ಪ್ರಶ್ನೆ ಬರಬಾರದೆಂದು ಮಂದಾಕಿನಿ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. "ಅದು ನಿನಗ ಆಗತಿತ್ತು," ಎಂದಳು. "ಅದಕ್ಕ ಆಗತಿರಲಿಲ್ಲ."

ಇಂದುಮತಿ ಕೈ ಚಾಚಿದಳು. "ಕೊಡು ಇಲ್ಲಿ."

"ಬ್ಯಾಡಕ್ಕಾ, ತಡಿಯಾಕ ಆಗಂಗಿಲ್ಲ."

"ಅದು ತಡಕೊಂಡಿಲ್ಲೇನು? ಕೊಡು."

ಅವಳು ಪಟ್ಟಿ ಕಟ್ಟಿಕೊಂಡು ಗಾಜಿನ ಮನೆಯ ಮುಂದೆ ಚಾಪೆ ಹಾಕಿ ಕುಳಿತಳು. ಮುಖ ಬಿಳುಚಿತು, ಹಣೆಯಲ್ಲಿ ಬೆವರು ಮೂಡಿತು, ಆದರೆ ಬಿಚ್ಚಲಿಲ್ಲ. ಡಾಕ್ಟರ್ ಕೊಟ್ಟ ಔಷಧವನ್ನು ಪಿಚಕಾರಿಯಲ್ಲಿ ಹನಿಹನಿಯಾಗಿ ಕುಡಿಸಿದಳು. ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಜಮಾದಾರನನ್ನು ಇಳಿಸಿ, ಬಾತ ಕಾಲುಗಳ ಮೇಲೆ ಬೊಗಸೆಯಿಂದ ನೀರು ಬಿಟ್ಟಳು. ಈಗ ಅವಳು ಮತ್ತೆ ಅದರ ಗಡ್ಡ ನೋಡುತ್ತಿದ್ದಳು, ಕಣ್ಣು ನೋಡುತ್ತಿದ್ದಳು, ಉಸಿರಿನ ಜೊತೆ ಪಕ್ಕೆ ಏರಿಳಿಯುವುದನ್ನು ನೋಡುತ್ತಿದ್ದಳು. ನೋವು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಬಿಸಿಲು ಗಾಜಿನ ಮನೆಯಿಂದ ಗೋಡೆಗೆ ಹೋದಾಗ, "ರೆಹಾನಾ ಡಾಕ್ಟರಿಗೆ ಫೋನ್ ಮಾಡು. ಇನ್ನ ಇದನ್ನ ನರಳಸೋದು ಬ್ಯಾಡ, ಬರಾಕತ್ತೀವಿ ಅಂತ ಹೇಳು" ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಪಟ್ಟಿ ಬಿಚ್ಚಲು ಹೇಳಿದರು. ಇಂದುಮತಿ ಒಪ್ಪಲಿಲ್ಲ. ಮೊದಲು ಮಂಪರು ಬರಿಸುವ ಸೂಜಿ ಕೊಟ್ಟರು. ಜಮಾದಾರ ಅವಳ ಅಂಗೈ ಮೇಲೆ ಗಲ್ಲ ಊರಿ ಮಲಗಿದ್ದ.

"ಇಳಿಯಾಕತ್ತೈತಿ," ಎಂದಳು ಇಂದುಮತಿ. "ಕಾಲಿಂದು ಹೋತು." ಸ್ವಲ್ಪ ತಡೆದು, "ಈಗ ನಿದ್ದಿ ಬಂದಂಗ ಆಗತೈತಿ."

ಎರಡನೇ ಸೂಜಿ ಕೊಟ್ಟರು. ಡಾಕ್ಟರ್ ಎದೆಯ ಮೇಲೆ ಸ್ಟೆತಸ್ಕೋಪು ಇಡುವ ಮೊದಲೇ ಅವಳಿಗೆ ತಿಳಿದಿತ್ತು. ಗಡ್ಡದ ಕಪ್ಪು ಮೆಲ್ಲಗೆ ಬಿಟ್ಟು, ಮರಳಿನ ಬಣ್ಣ ತಿರುಗಿ ಬಂತು. ಇಂದುಮತಿ ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿದಳು.

ಹಿತ್ತಿಲಲ್ಲಿ ಹೂಳಿ, ಸ್ನಾನ ಮಾಡಿ ಬಂದ ಇಂದುಮತಿ ದೀಪ ಆರಿಸಿದ ಗಾಜಿನ ಮನೆಯ ಮುಂದೆ ಅದೇ ಚಾಪೆಯ ಮೇಲೆ ಕುಳಿತಳು. ಪಟ್ಟಿ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಮಂದಾಕಿನಿ ಅಡುಗೆಮನೆಗೂ ಪಡಸಾಲೆಗೂ ನಾಲ್ಕಾರು ಸಲ ತಿರುಗಾಡಿದಳು. ಅಕ್ಕನನ್ನು ಹಾಗೆ ನೋಡಲಾಗದೆ, ರೊಟ್ಟಿ ಬಿಸಿ ಮಾಡಿ, ಬೆಣ್ಣೆ ಸವರಿ, ಅಕ್ಕನಿಗೆ ಇಷ್ಟವಾದ ಬದನೆಕಾಯಿ ಪಲ್ಯ ಹಾಕಿಕೊಂಡು ಬಂದು ಮುಂದೆ ಕುಳಿತಳು.

"ಅಕ್ಕಾ, ಮುಂಜಾನಿಂದ ಬಾಯಾಗ ನೀರು ಹಾಕಿಲ್ಲ. ಎರಡು ತುತ್ತು ತಿನ್ನು. ಜೀವಕ್ಕ ಸಮಾಧಾನ ಆಗತೈತಿ."

ತುತ್ತು ಮುರಿದು ಅಕ್ಕನ ಬಾಯಿಯ ಹತ್ತಿರ ತಂದಳು. ಇಂದುಮತಿ ಆ ತುತ್ತನ್ನೂ ತಂಗಿಯನ್ನೂ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನನಗ ಹಸಿವಾಗಿಲ್ಲ, ಮಂದಾ," ಎಂದಳು.

ಮಂದಾಕಿನಿಯ ಕೈ ಅಲ್ಲೇ ನಿಂತಿತು. ತುತ್ತನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ದೂರ ಸರಿಸಿದಳು. ನೊಂದವರಿಗೆ ಉಣಿಸುವುದು ಬಿಟ್ಟು ಬೇರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.